ಇಬ್ಬರ ಪಾಸು

ಶನಿವಾರ ಬಂತೆಂದರೆ ನನ್ನ ಮಗಳು ಶುಭಾ ರೆಡ್‌ವುಡ್ ಸಿಟಿಯಿಂದ ಕಾರು ಓಡಿಸಿಕೊಂಡು ಬಂದು ವಾಲ್ನಟ್ ಕ್ರೀಕಿನ ನನ್ನ ಮನೆಯ ಮೇಲೆ ದಾಳಿ ಮಾಡುತ್ತಾಳೆ. ಕಸದ ಚೀಲ ಹಿಡಿದು ಡಬ್ಬಿ, ಶೀಶೆಗಳ ಮೇಲಿನ ತಾರೀಖು ಓದುತ್ತಾಳೆ. "ಅಮ್ಮ, ದಿಸ್ ಈಸ್ ಎಕ್ಸ್‌ಪೈರ್ಡ್. ಇದೂ ಎಕ್ಸ್‌ಪೈರ್ಡ್." ಹೋದ ವಾರ ನನ್ನ ಸಾರಿನ ಪುಡಿಗೂ ಆ ಗತಿ ಬಂತು. ನೀವೇ ಹೇಳಿ, ಮನೆಯಲ್ಲಿ ಹುರಿದು ಮಾಡಿದ ಪುಡಿಗೆ ತಾರೀಖು ಎಲ್ಲಿಂದ ತರಲಿ? ಜಗಳಕ್ಕೆಂದು ಬಾಯಿ ತೆರೆದೆ, ಆಗಲಿಲ್ಲ. ಎಕ್ಸ್‌ಪೈರ್ಡ್ ಎಂಬ ಆ ಮಾತು ಕಿವಿಗೆ ಬಿದ್ದರೆ ನನಗೆ ಒಂದು ರೈಲು ನೆನಪಾಗುತ್ತದೆ.

ಎಂಬತ್ತರ ದಶಕದ ಮಾತು. ನಮ್ಮ ಯಜಮಾನರಿಗೆ ರೈಲಿನ ಹುಚ್ಚು. ಇಲ್ಲಿಂದ ರಜೆಗೆ ಮೈಸೂರಿಗೆ ಹೋಗುವ ದಾರಿಯಲ್ಲಿ ಯುರೋಪಿನಲ್ಲಿಳಿದು ಹದಿನೈದು ದಿನ ರೈಲಿನಲ್ಲೇ ಸುತ್ತಬೇಕೆಂದು ಊಟದ ಮೇಜಿನ ಮೇಲೆ ಭೂಪಟ ಹರಡಿಕೊಂಡು ಕೂರುತ್ತಿದ್ದರು. ಅನ್ನ ಬಡಿಸಲು ನಾನು ಸ್ವಿಟ್ಜರ್ಲೆಂಡನ್ನು ಮಡಚಬೇಕಾಗುತ್ತಿತ್ತು.

ನಾನು ಅವರನ್ನು ಹೆಸರು ಹಿಡಿದು ಕರೆದವಳಲ್ಲ. ಮನೆ ತುಂಬಿಸಿಕೊಳ್ಳುವಾಗ ನಾದಿನಿ ಹೊಸ್ತಿಲಲ್ಲಿ ಅಡ್ಡ ನಿಂತು ಗಂಡನ ಹೆಸರು ಹೇಳಿಸುತ್ತಾಳಲ್ಲ, ಆಗ ಪಿಸುಗುಟ್ಟಿದ್ದಷ್ಟೆ. ಹೆಸರು ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆಂದು ನಮ್ಮಮ್ಮ ಹೇಳಿದ್ದಳು. ಬಿ.ಎಸ್ಸಿ. ಓದಿ, ಫ್ರೀವೇಯಲ್ಲಿ ಕಾರು ಓಡಿಸಲು ಕಲಿತ ಮೇಲೂ ಆ ಹೆದರಿಕೆ ಹೋಗಲಿಲ್ಲ. "ರೀ" ಎನ್ನುತ್ತಿದ್ದೆ. ಮೈಸೂರಿನ ಮಾರ್ಕೆಟ್ಟಿನಲ್ಲಿ "ರೀ" ಅಂದರೆ ಹತ್ತು ಗಂಡಸರು ತಿರುಗುತ್ತಾರೆ. ಇಲ್ಲಿನ ಗ್ರೋಸರಿಯಲ್ಲಿ ಇವರೊಬ್ಬರೇ ತಿರುಗುತ್ತಿದ್ದರು. ನನಗೆ ಅಷ್ಟು ಸಾಕಿತ್ತು, ಅವರಿಗೆ ಸಾಲದು.

"ಯುರೋಪಲ್ಲಿ ನಮ್ಮ ಗುರುತಿನೋರು ಯಾರೂ ಇರಲ್ಲ ಕಣೇ. ಪ್ಲಾಟ್‌ಫಾರ್ಮಲ್ಲಿ ನಿಂತು, 'ಶ್ರೀಧರಾ, ರೈಲು ಬಂತು, ಬಾ' ಅಂತ ಒಂದೇ ಒಂದ್ಸಲ ಕೂಗ್ಬಿಡು," ಎನ್ನುತ್ತಿದ್ದರು.

"ಸಾಕು ಸುಮ್ನಿರಿ," ಎನ್ನುತ್ತಿದ್ದೆ.

ಹೊರಡಲು ಎರಡು ತಿಂಗಳಿರುವಾಗ ಎದೆನೋವೆಂದು ಆಸ್ಪತ್ರೆ ಸೇರಿದರು. ಅಲ್ಲಿ ಮಲಗಿಕೊಂಡೂ ಅದೇ ಮಾತು. "ಈಗಲಾದ್ರೂ ಕರಿಯೇ." ಆಗಂತೂ ನಾನು ಬಾಯಿ ಬಿಡುವುದುಂಟೇ? "ಮೊದ್ಲು ವಾಸಿಯಾಗ್ಲಿ. ಊರೂರಲ್ಲೂ ಕೂಗ್ತೀನಿ," ಎಂದೆ. ಮೂರನೆಯ ದಿನ ಹೋಗಿಬಿಟ್ಟರು. ಅಷ್ಟು ಜೋಪಾನವಾಗಿ ಬಾಯಿ ಕಟ್ಟಿಕೊಂಡದ್ದಕ್ಕೆ ನನಗೆ ಸಿಕ್ಕಿದ್ದು ಅದು.

ಶುಭಾಗೆ ಆಗ ಮೂರು ವರ್ಷ. ಸುದ್ದಿ ಕೇಳಿ ಬಂದಿದ್ದ ನಮ್ಮಣ್ಣ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋದ. ಮನೆ ಖಾಲಿ ಮಾಡಿ ಹಿಂದೆಯೇ ಹೊರಟವಳು ನಾನು, ಯುರೋಪಿನಲ್ಲಿಳಿಯುವ ಟಿಕೆಟ್ಟನ್ನಾಗಲಿ ಇಬ್ಬರ ಹೆಸರಿನ ರೈಲಿನ ಪಾಸನ್ನಾಗಲಿ ಬದಲಾಯಿಸಲಿಲ್ಲ. "ಇಂಥ ಹೊತ್ತಲ್ಲಿ ಟೂರು ಬೇರೆ ಕೇಡು ನಿಂಗೆ!" ಎಂದು ಅಣ್ಣ ಫೋನಿನಲ್ಲಿ ಕೂಗಾಡಿದ. ಅವನದೇನೂ ತಪ್ಪಿಲ್ಲ. ಕೊಟ್ಟ ಮಾತೊಂದು ಬಾಕಿಯಿದೆ ಎಂದು ಅವನಿಗೆ ಹೇಗೆ ಹೇಳಲಿ?

ಫ್ರಾಂಕ್‌ಫರ್ಟಿನಲ್ಲಿ ರೈಲು ಹತ್ತಿದೆ. ಒಬ್ಬಳೇ ರೈಲಿನಲ್ಲಿ ಕೂತದ್ದು ಜೀವನದಲ್ಲಿ ಅದೇ ಮೊದಲು. ಕಿಟಕಿಯ ಪಕ್ಕದ ಸೀಟು ಅವರದೆಂದು ಅಲ್ಲಿ ಕೈಚೀಲ ಇಟ್ಟು, ನಾನು ಈಚೆ ಕೂತೆ. ಹೊರಗೆ ನದಿ, ಗುಡ್ಡ, ದ್ರಾಕ್ಷಿತೋಟ ಎಲ್ಲ ಹೋಗುತ್ತಲೇ ಇತ್ತು. ನಾನು ಚೀಲವನ್ನೇ ನೋಡುತ್ತಿದ್ದೆ.

ಟಿಕೆಟ್ ಕಲೆಕ್ಟರ್ ಬಂದ. "ಇದು ಇಬ್ಬರು ಜೊತೆಯಾಗಿ ಹೋಗುವ ಪಾಸು. ಇನ್ನೊಬ್ಬರು ಎಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಪಾಸಿನ ಮೇಲಿದ್ದ ಅವರ ಹೆಸರಿಗೆ ಬೆರಳಿಟ್ಟು ತೋರಿಸಿದೆ. "ಸ್ರಿ... ಡಾರ್?" ಎಂದು ತಡವರಿಸಿದ. ಆ ಹೆಸರು ಹಾಗೆ ಪುಡಿಯಾಗುವುದನ್ನು ನನ್ನಿಂದ ಕೇಳಲಾಗಲಿಲ್ಲ.

"ಶ್ರೀಧರ," ಎಂದೆ. "ಮೈ ಹಸ್ಬೆಂಡ್. ಎಕ್ಸ್‌ಪೈರ್ಡ್."

ತೀರಿಕೊಂಡರು ಅನ್ನುವುದಕ್ಕೆ ನಮ್ಮ ಕಡೆಯ ಇಂಗ್ಲಿಷಿನಲ್ಲಿ ಮರ್ಯಾದೆಯ ಮಾತು ಅದೇ ತಾನೆ? ಅವನಿಗೆ ಹೇಗೆ ಗೊತ್ತಾಗಬೇಕು? ಪಾಸನ್ನು ತಿರುಗಿಸಿ ತಾರೀಖು ನೋಡಿ, ನನಗೆ ಧೈರ್ಯ ಹೇಳುವವನ ಹಾಗೆ ನಕ್ಕ. "ನೋ, ನೋ, ಮೇಡಮ್. ನಾಟ್ ಎಕ್ಸ್‌ಪೈರ್ಡ್. ಇನ್ನೂ ಹದಿನಾಲ್ಕು ದಿನ ಇದೆ."

ನಗಬೇಡಿ, ಒಂದು ಗಳಿಗೆ ನಾನು ಅವನನ್ನು ನಂಬಿಬಿಟ್ಟೆ. ಆಮೇಲೆ ಅಳು ಬಂತು, ತಡೆಯಲಾಗಲಿಲ್ಲ. ಎದುರು ಕೂತಿದ್ದ ಅಜ್ಜಿ ತಮ್ಮ ಭಾಷೆಯಲ್ಲಿ ಅವನಿಗೆ ಏನೋ ಹೇಳಿದರು. ಅವನ ಮುಖ ಕೆಂಪಾಯಿತು. ಏನೂ ಕೇಳದೆ ಇಬ್ಬರ ಹೆಸರಿನ ಮುಂದೆಯೂ ತೂತು ಹೊಡೆದು ಪಾಸನ್ನು ನನ್ನ ಕೈಗಿಟ್ಟ.

ಹದಿನಾಲ್ಕು ದಿನವೂ ಸುತ್ತಿದೆ. ಊರೂರ ಪ್ಲಾಟ್‌ಫಾರ್ಮಿನಲ್ಲಿ ನಿಂತು ಬಾಯಿ ತೆರೆದೆ, ಸ್ವರ ಹೊರಡಲಿಲ್ಲ. ಹೆಸರು ಹೇಳುವುದು ಬೇರೆ, ಕರೆಯುವುದು ಬೇರೆ. ಅವರು ಕೇಳಿದ್ದು ಕರಿ ಎಂದು. ವರ್ಷ ಕಳೆದ ಮೇಲೆ ಮಗಳನ್ನು ಕಟ್ಟಿಕೊಂಡು ಇಲ್ಲಿಗೇ ವಾಪಸು ಬಂದೆ, ಕೆಲಸ ಹಿಡಿದೆ, ಅವಳನ್ನು ಓದಿಸಿದೆ. ಆ ಮಾತು ಮಾತ್ರ ಹಾಗೇ ಉಳಿಯಿತು.

"ಅಮ್ಮ, ವಾಟ್ ಈಸ್ ದಿಸ್? ಇದಂತೂ ಫುಲ್ ಎಕ್ಸ್‌ಪೈರ್ಡ್." ಹೋದ ವಾರ ಸಾರಿನ ಪುಡಿಯಾದ ಮೇಲೆ ಶುಭಾ ಔಷಧಿಯ ಡ್ರಾಯರಿನ ತಳದಿಂದ ಆ ಪಾಸನ್ನೇ ಎತ್ತಿ ಹಿಡಿದಿದ್ದಳು. ಕೈಯಿಂದ ಕಿತ್ತುಕೊಂಡೆ. ಆಮೇಲೆ ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ಅವಳು ಕಸದ ಚೀಲ ನೆಲಕ್ಕಿಟ್ಟಳು.

"ಈಗ ಕರಿ ಅಮ್ಮ. ಐ ವಾಂಟ್ ಟು ಹಿಯರ್ ಇಟ್."

ಇನ್ನು ಕಡಿಮೆಯಾಗಲು ಯಾರ ಆಯುಸ್ಸಿದೆ? ಕಿಟಕಿಯ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, ಜೋರಾಗಿಯೇ ಕೂಗಿದೆ.

"ಶ್ರೀಧರಾ, ರೈಲು ಬಂತು, ಬನ್ನಿ!"

ಶುಭಾ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. "ಬನ್ನಿ ಅಲ್ಲ ಅಮ್ಮ, ಬಾ."

ಅದೊಂದು ಮಾತ್ರ ನನ್ನಿಂದ ಆಗಲಿಲ್ಲ.