ಹುರುಳಿಯ ಮೇಲೆ ಇಳಿದ ವಿಮಾನ

ವಿಮಾನದ ಸದ್ದು ಕೇಳಿದರೆ ನೀವು ಏನು ಮಾಡುತ್ತೀರಿ? ಮನೆಯಿಂದಾಚೆ ಓಡಿಬಂದು ಕೈ ಬೀಸುತ್ತೀರಿ ತಾನೆ? ಕಳೆದ ವಾರ ಕಣಕಟ್ಟೆ ಹತ್ತಿರ ನಾವೂ ಅದನ್ನೇ ಮಾಡಿದೆವು. ಅದು ನಮ್ಮ ಕಡೆಗೇ ಇಳಿದು ಬರುತ್ತಿದೆ ಎಂದು ಗೊತ್ತಾಗುವವರೆಗೆ.

ಅಕ್ಕನ ಊರಿಗೆ ಹೋಗಿದ್ದೆ. ಈಗ ಸುಗ್ಗಿ. ಸಗಣಿ ಸಾರಿಸಿ ಕಣ ಮಾಡುವ ಪುರುಸೊತ್ತು ಯಾರಿಗಿದೆ? ಕಿತ್ತ ಹುರುಳಿ ಗಿಡವನ್ನು ಟಾರು ರಸ್ತೆಗೆ ಹರಡಿದರಾಯಿತು, ಬಸ್ಸು ಲಾರಿಗಳು ಪುಕ್ಕಟೆ ತುಳಿದುಕೊಡುತ್ತವೆ. (ಡ್ರೈವರುಗಳು ಬೈದುಕೊಳ್ಳುವುದು ಬೇರೆ ಮಾತು.) ಅಕ್ಕನೂ ಹರಡಿದ್ದಳು.

ಪುಟ್ಟ ತರಬೇತಿ ವಿಮಾನ. ತೋಟಗಳ ಮೇಲೆ ಒಂದು ಸುತ್ತು ಹಾಕಿತು. ಎಂಜಿನ್ ಕೆಮ್ಮಿದಂತಾಗಿ ಸದ್ದೇ ನಿಂತುಹೋಯಿತು. ಸುತ್ತ ಬರೀ ತೆಂಗು. ಇಳಿಯಲು ಇರುವುದು ಈ ನೇರ ರಸ್ತೆಯೊಂದೇ. ರಸ್ತೆ ತುಂಬ ಜನ!

"ಇಲ್ಲೇ ಇಳೀತಾ ಐತೆ, ಓಡ್ರೋ!" ಎಂದು ಯಾರೋ ಕೂಗಿದರು. ಎಲ್ಲರೂ ಚೆದುರಿದರು. ಅಕ್ಕ ಮಾತ್ರ ನಡುರಸ್ತೆಯಲ್ಲಿ ಹುರುಳಿ ಬಾಚುತ್ತಿದ್ದಾಳೆ!

"ಬಾರೇ ಅಕ್ಕ, ಈ ಕಡೆ!"

"ತಡಿಯೋ, ಕಾಳೆಲ್ಲ ಮಣ್ಣುಪಾಲಾಗ್ತದೆ!"

ರಟ್ಟೆ ಹಿಡಿದು ಎಳೆದೆ. ನಾವಿಬ್ಬರೂ ಚರಂಡಿಗೆ ಬಿದ್ದದ್ದೂ ಚಕ್ರ ರಸ್ತೆಗೆ ತಾಗಿದ್ದೂ ಒಟ್ಟಿಗೇ. ಸದ್ಯ, ಸರಿಯಾಗಿ ಇಳಿಯಿತು ಅಂದುಕೊಂಡೆ. ಹುರುಳಿಯ ಮೇಲೆ ಬಂದದ್ದೇ ತಡ, ಸರ್ರನೆ ಜಾರಿ, ಅಡ್ಡ ತಿರುಗಿ, ತೋಟದ ಬದುವಿಗೆ ಮೂತಿ ಗುದ್ದಿ ನಿಂತಿತು. ಒಳಗೆ ಅಲುಗಾಟವಿಲ್ಲ. ಪೆಟ್ರೋಲ್ ವಾಸನೆ ಬೇರೆ. ಓಡಿಸುತ್ತಿದ್ದವನು ಹೋಗಿಯೇಬಿಟ್ಟನಾ?

ಕೊನೆಗೂ ಬಾಗಿಲು ತೆರೆಯಿತು. ಇನ್ನೂ ಮೀಸೆ ಬಲಿಯದ ಪೈಲಟ್. ಹಣೆಯಲ್ಲಿ ರಕ್ತ. ಅಕ್ಕ ಸೆರಗಿನಿಂದ ಗಾಯ ಒತ್ತಿಹಿಡಿದಳು.

"ಎಂಜಿನ್ ನಿಂತ್ರೂ ಇಳಿಸೋದು ಕಲಿಸಿದಾರೆ ಸಾರ್," ಎಂದ. "ಕರೆಂಟ್ ವೈರ್ ನೋಡ್ದೆ, ಮರ ನೋಡ್ದೆ, ಗಾಳಿ ನೋಡ್ದೆ. ಆದ್ರೆ ಬ್ರೇಕ್ ಹಿಡೀಲೇ ಇಲ್ಲ. ರಸ್ತೇಲಿ ಏನಿತ್ತು ಸಾರ್?"

ಯಾರೋ ಅವನನ್ನು ಫೋನ್ ಮಾಡಿಸಲು ಎಸ್‌ಟಿಡಿ ಬೂತಿಗೆ ಕರೆದುಕೊಂಡು ಹೋದರು.

ವಿಮಾನ ಇಳಿಯುವಾಗ ಬಿದ್ದರೆ ಪೇಪರಿನಲ್ಲಿ ಬರುವ ಕಾರಣ ಎಂಥದ್ದು? ತಾಂತ್ರಿಕ ದೋಷ, ಇಲ್ಲವೇ ಪೈಲಟ್ ತಪ್ಪು. ಹುರುಳಿ ಅಂತ ಬರೆದದ್ದನ್ನು ಓದಿದ್ದೀರಾ? ಇದೂ 'ತಾಂತ್ರಿಕ ದೋಷ' ಎಂದೇ ಬಂತು. ಎಂಜಿನ್ ಕೆಟ್ಟದ್ದು ನಿಜವೇ. ಆದರೆ ಅವನು ಕೆಟ್ಟ ಎಂಜಿನ್ನನ್ನೂ ಗೆದ್ದು ಬಂದಿದ್ದನಲ್ಲ! ಊರವರಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ. ಕಣ್ಣು ಮುಚ್ಚಿದರೆ ಆ ಚಕ್ರ ಜಾರಿದ ಸದ್ದೇ.

ನಿನ್ನೆ ಮತ್ತೆ ಹೋದೆ. ರಸ್ತೆ ತುಂಬ ಹುರುಳಿ!

"ಅಲ್ಲ ಕಣೇ ಅಕ್ಕ, ಮತ್ತೆ ಹರಡಿದೀಯಲ್ಲ?"

"ಸುಮ್ನಿರೋ, ದಿನಾ ಏರೋಪ್ಲೇನ್ ಬತ್ತದಾ?" ಎಂದು ನಕ್ಕಳು.

ಹೊತ್ತು ಮುಳುಗುತ್ತಿತ್ತು. ಭಾವ ಅರಸೀಕೆರೆಯಲ್ಲಿ ಆಫೀಸು ಮುಗಿಸಿ ಬೈಕಿನಲ್ಲಿ ಇದೇ ರಸ್ತೆ ಹಿಡಿದು ಹೊರಡುವ ಸಮಯ.

"ಭಾವ ದಿನಾ ಬರ್ತಾರಲ್ಲೇ ಅಕ್ಕ?"