ಮುಖ ಬೆಳ್ಳಗಾದ ಫ್ಲೆಕ್ಸ್

2023ರಲ್ಲಿ ನಾನು ಗದಗದ ಕಾಲೇಜೊಂದರಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಜೀವಕೋಶದ ಕೆಲಸವನ್ನು ಭೌತಶಾಸ್ತ್ರದ ನಿಯಮಗಳಿಂದ ಅರಿಯುವ ವಿದ್ಯೆಗೆ ಬಯೋಫಿಸಿಕ್ಸ್ ಎನ್ನುತ್ತಾರೆ. ಆ ಕ್ಷೇತ್ರದ ಕಪ್ಪು ವಿಜ್ಞಾನಿಗಳನ್ನು ಗೌರವಿಸಲು ಒಂದು ದಿನದ ವಿಚಾರಸಂಕಿರಣ ಇಟ್ಟುಕೊಂಡೆವು. ಅತಿಥಿ ಕೀನ್ಯಾದ ಡಾ. ವಂಜಿಕು. ಚರ್ಮಕ್ಕೆ ಕಪ್ಪು ಕೊಡುವ ಮೆಲನಿನ್, ಬಿಸಿಲಿನ ಕಿರಣ ಹೀರಿ ಜೀವಕೋಶವನ್ನು ಹೇಗೆ ಕಾಯುತ್ತದೆ ಎಂಬುದು ಅವರ ಸಂಶೋಧನೆ.

ಅವರನ್ನು ಸಭೆಗೆ ಪರಿಚಯಿಸುವ ಕೆಲಸವನ್ನು ಎಂಎಸ್ಸಿಯ ನೀಲವ್ವನಿಗೆ ಕೊಟ್ಟಿದ್ದೆ. ಹಿರೇವಡ್ಡಟ್ಟಿಯ ರೈತರ ಮಗಳು, ತರಗತಿಗೆ ಮೊದಲಿಗಳು, ಬಣ್ಣ ಎಣ್ಣೆಗಪ್ಪು. ಬಯೋಫಿಸಿಕ್ಸಿನಲ್ಲೇ ಪಿಎಚ್‌ಡಿ ಮಾಡುವ ಹಟ ಅವಳದು. ಆದರೆ ನಮ್ಮಲ್ಲಿ ವೇದಿಕೆಗೆ ಬೆಳ್ಳನೆಯ ಹುಡುಗಿಯರನ್ನೇ ಆರಿಸುವ ರೂಢಿ. ಆರತಿ ಹಿಡಿಯಲೂ ಅವರೇ, ಹಾರ ಕೊಡಲೂ ಅವರೇ. ನೀಲವ್ವ ಒಮ್ಮೆಯೂ ಮೈಕ್ ಹಿಡಿದವಳಲ್ಲ.

ಅಂದು ಬೆಳಿಗ್ಗೆ ಸಭಾಂಗಣಕ್ಕೆ ಹೋದರೆ, ವೇದಿಕೆಯ ಹಿಂದೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ವಂಜಿಕು ಅವರ ಮುಖ ಗೋದಿಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ಅದನ್ನು ಮುದ್ರಿಸಿದ ಅಂಗಡಿಯವನಿಗೆ ಫೋನ್ ಹಚ್ಚಿದೆ.

“ಎಲ್ಲಾರ ಮುಖಾನೂ ಬೆಳ್ಳಗ ಮಾಡೇ ಕೊಡ್ತೀವ್ರಿ ಮೇಡಂ. ಇದ್ದಂಗ ಕೊಟ್ರ ಜನ ಬೈತಾರ್ರಿ,” ಎಂದ.

ಪಕ್ಕದಲ್ಲಿದ್ದ ಪ್ರಿನ್ಸಿಪಾಲರು ನಕ್ಕರು. “ಚಲೋನ ಕಾಣಸ್ತೈತಿ, ಬಿಡ್ರಿ. ಪರಿಚಯಕ್ಕೂ ಬ್ಯಾರೆ ಹುಡುಗಿಗೆ ಹೇಳೇನಿ. ಸ್ಟೇಜಿಗೆ ಒಂಚೂರು ಕಳಾ ಬೇಕಲ್ರಿ.”

ಮೈಯೆಲ್ಲ ಉರಿದುಹೋಯಿತು. ಕಪ್ಪು ವಿಜ್ಞಾನಿಗಳ ದಿನ, ಕಪ್ಪು ಮಾತ್ರ ಬೇಡ! ಆಚಾರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ನೀನೇ ಮಾತಾಡಬೇಕು ಎಂದು ಬಾಗಿಲಲ್ಲಿ ನಿಂತಿದ್ದ ನೀಲವ್ವನಿಗೆ ಹೇಳಿದೆ. ಅವಳು ಫ್ಲೆಕ್ಸ್ ಕಡೆ ನೋಡಿದಳು.

“ಬ್ಯಾಡ್ರಿ ಮೇಡಂ. ಅಷ್ಟ ದೊಡ್ಡ ವಿಜ್ಞಾನಿ ಆದ ಮ್ಯಾಲೂ ಅವರನ್ನ ಇದ್ದಂಗ ಇರಾಕ ಬಿಟ್ಟಿಲ್ಲ. ನನ್ನ ಬಿಡ್ತಾರೇನ್ರಿ?”

ಕುರ್ಚಿ ಹತ್ತಿ ಫ್ಲೆಕ್ಸ್ ಹಿಡಿದು ಎಳೆದೆ. ನಡುವೆ ಪರ್ರನೆ ಹರಿಯಿತು.

“ಕಾಲೇಜಿನ ಆಸ್ತಿ ಹರದ್ರಿ! ನೋಟಿಸ್ ಕೊಡ್ತೀನಿ!” ಎಂದು ಪ್ರಿನ್ಸಿಪಾಲರು ಕೂಗಿದರು.

“ಜಲ್ದಿ ಕೊಡ್ರಿ,” ಎಂದೆ.

ಬೋಳು ಗೋಡೆಯ ಮುಂದೆ ನಿಂತು ನೀಲವ್ವ ಪರಿಚಯ ಮಾಡಿದಳು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ಅವಳು ನಿಲ್ಲಿಸಲಿಲ್ಲ. ಪ್ರಿನ್ಸಿಪಾಲರು ಎದ್ದು ಹೋದರು. ವಂಜಿಕು ತಮ್ಮ ಭಾಷಣ ಮುಗಿಸಿ, ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಸಭಿಕರ ಪ್ರಶ್ನೆಗಳಿಗೆ ಉತ್ತರಿಸಿದರು.

ಮರುದಿನ ನೋಟಿಸ್ ಬಂತು. ‘ಹೌದು, ಹರಿದಿದ್ದೇನೆ. ಮತ್ತೆ ಹಾಕಿಸಿದರೆ ಮತ್ತೆ ಹರಿಯುತ್ತೇನೆ’ ಎಂದು ಉತ್ತರ ಬರೆದೆ. ನಾನು ನಿವೃತ್ತಳಾಗುವವರೆಗೂ ಆ ಮನುಷ್ಯ ನನ್ನೊಡನೆ ಮಾತಾಡಲಿಲ್ಲ, ನನಗೂ ಬೇಕಿರಲಿಲ್ಲ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಕಪ್ಪು ವಿಜ್ಞಾನಿಯನ್ನು ದೂರದಿಂದ ಕರೆಸಿ ಹಾರ ಹಾಕುವುದು ಸುಲಭ. ಹಿರೇವಡ್ಡಟ್ಟಿಯವಳ ಕೈಗೆ ಮೈಕ್ ಕೊಡಬೇಕಾದಾಗಲೇ ನಮ್ಮ ಯೋಗ್ಯತೆ ಬಯಲಾಗುವುದು.