ಬೆಳಿಗ್ಗೆ ಏಳಕ್ಕೆ ಫ್ಯಾನಿನ ಫೋಟೋ

ಹತ್ತನೇ ತರಗತಿ ಮುಗಿದ ಮೇಲೆ ಮಗಳನ್ನು ವಿಶಾಖಪಟ್ಟಣದಿಂದ ಕರೆದುಕೊಂಡು ಹೋಗಿ ವಿಜಯವಾಡದ ಈಚೆ, ಗನ್ನವರಂ ವಿಮಾನ ನಿಲ್ದಾಣದ ಹತ್ತಿರದ ಹಾಸ್ಟೆಲಿಗೆ ಬಿಟ್ಟೆವು. ಅಲ್ಲಿ ಫೋನ್ ಇಟ್ಟುಕೊಳ್ಳುವ ಹಾಗಿಲ್ಲ. ಹೊರಡುವ ಹಿಂದಿನ ದಿನ ಅವಳು ಫೋನನ್ನು ನನ್ನ ಕೈಗೆ ಕೊಟ್ಟು ಹತ್ತು ಸಲ ಹೇಳಿದಳು: "ಅಮ್ಮ, ದಿನಾ ಒಂದು ಫೋಟೋ. ಹನ್ನೊಂದು ಜನಕ್ಕೂ. ಒಂದು ದಿನ ತಪ್ಪಿದ್ರೂ ಸ್ಟ್ರೀಕ್ ಹೋಗುತ್ತೆ."

ಸ್ಟ್ರೀಕ್ ಅಂದರೆ, ಫೋನಿನ ಆ ಫೋಟೋ ಆ್ಯಪಿನಲ್ಲಿ ಇಬ್ಬರು ಬಿಡದೆ ದಿನಾ ಫೋಟೋ ಕಳಿಸಿಕೊಂಡರೆ ಹೆಸರಿನ ಪಕ್ಕ ಬೆಳೆಯುವ ಸಂಖ್ಯೆ. ನೋಡಿದ ಮೇಲೆ ಫೋಟೋ ಅಳಿಸಿಹೋಗುತ್ತದೆ, ಸಂಖ್ಯೆ ಉಳಿಯುತ್ತದೆ. ಇದೆಂಥ ಹುಚ್ಚಾಟವೇ ಅಂತ ಬೈದೆ. ಆ ಹನ್ನೊಂದು ಜನ ಟ್ಯೂಷನ್ ಗೆಳತಿಯರಿಗೆ ಅವಳು ಹಾಸ್ಟೆಲಿನ ವಿಷಯ ಹೇಳಿರಲೇ ಇಲ್ಲ. "ಎರಡೇ ದಿನ ನೋಡು, ನಾನಲ್ಲ ಅಂತ ಅವರಿಗೇ ಗೊತ್ತಾಗುತ್ತೆ," ಅಂದಳು.

ಯಜಮಾನರು ಬಂದರಿನ ಡ್ಯೂಟಿಗೆ ಹೋದ ಮೇಲೆ, ಬೆಳಿಗ್ಗೆ ಏಳಕ್ಕೆ, ಅವಳ ಮಂಚದ ಮೇಲೆ ಕೂತು ತಲೆ ಮೇಲಿನ ಫ್ಯಾನಿನ ಫೋಟೋ ತೆಗೆದು ಎಲ್ಲರಿಗೂ ಕಳಿಸುತ್ತಿದ್ದೆ. ಆ ಕಡೆಯಿಂದಲೂ ಅಂಥದ್ದೇ ಬರುತ್ತಿತ್ತು: ಗೋಡೆ, ಚಪ್ಪಲಿ, ಅರ್ಧ ಹಣೆ. ಮಾತಿಲ್ಲ ಕತೆಯಿಲ್ಲ. ಹಲ್ಲುಜ್ಜಿದ ಹಾಗೆ ಅದೂ ಒಂದು ಕೆಲಸವಾಯಿತು. ಬೇಜಾರೂ ಆಗುತ್ತಿರಲಿಲ್ಲ.

ಭಾನುವಾರ ಹಾಸ್ಟೆಲಿನ ಫೋನಿಂದ ಕರೆ ಬರುತ್ತಿತ್ತು, ಹಿಂದೆ ವಿಮಾನ ಇಳಿಯುವ ಸದ್ದು. ಊಟ ಸೇರ್ತಿಲ್ಲ, ನಿದ್ದೆ ಬರ್ತಿಲ್ಲ ಅನ್ನುತ್ತಿದ್ದಳು, ಅಳದೆ, ಪಾಠ ಒಪ್ಪಿಸುವ ಹಾಗೆ. ಆಮೇಲೆ ತೆಲುಗಿನಲ್ಲಿ, "ಪಂಪಿಂಚಾವಾ?" ಕಳಿಸಿದೆ ಕಣೇ ಅನ್ನುತ್ತಿದ್ದೆ.

"ಯಾರಾದ್ರೂ ನನ್ನ ಕೇಳಿದ್ರಾ?"

ಒಬ್ಬಳೂ ಕೇಳಿರಲಿಲ್ಲ. ಆ ಸತ್ತ ದನಿಗೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. "ಕೇಳದೆ ಇರ್ತಾರಾ? ಆ ಹಲ್ಲಿಗೆ ಕ್ಲಿಪ್ ಹಾಕಿರೋ ಹುಡುಗಿ ಎರಡನೇ ದಿನವೇ ಕೇಳಿದ್ಲು, ಇದು ನೀನಲ್ಲ, ಎಲ್ಲಿದ್ದೀಯ ಅಂತ." ಅವಳು ನಕ್ಕಳು. ಅಬ್ಬಾ, ಎಷ್ಟು ದಿನವಾಗಿತ್ತು ಆ ನಗು ಕೇಳಿ! ಅದಕ್ಕಾಗಿ ವಾರಕ್ಕೊಂದು ಸುಳ್ಳು ಹೇಳಿದೆ. ಬರಬರುತ್ತಾ ಊಟವೂ ಸೇರುತ್ತಿದೆ ಅಂದಳು.

ದಸರಾ ರಜಕ್ಕೆ ಮನೆಗೆ ಬಂದವಳು ಬೆನ್ನ ಮೇಲಿನ ಬ್ಯಾಗೂ ಇಳಿಸದೆ ಫೋನ್ ತೆಗೆದುಕೊಂಡು ಆ ಕ್ಲಿಪ್ಪಿನ ಹುಡುಗಿಗೆ ಬರೆದಳು: ಬಂದೆ. ಒಲೆ ಮೇಲೆ ಒಗ್ಗರಣೆ ಸೀಯುತ್ತಿತ್ತು, ನಾನು ನಿಂತಲ್ಲಿಂದ ಕದಲಲಿಲ್ಲ. ಉತ್ತರ ಬಂತು. ಓದಿ, ಫೋನನ್ನು ನನ್ನ ಕಡೆ ತಿರುಗಿಸಿದಳು. ಆ ಹುಡುಗಿ ಬರೆದಿದ್ದಳು:

"ಯಾಕೆ, ಎಲ್ಲಿಗೆ ಹೋಗಿದ್ದೆ?"

ಮಗಳು ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಊಟಕ್ಕೇನಮ್ಮ?" ಅಂದಳು.

ಮರುದಿನ ಬೆಳಿಗ್ಗೆ ಏಳಕ್ಕೆ ನನ್ನ ಕಾಲು ತಾನಾಗಿ ಅವಳ ಕೋಣೆಗೆ ನಡೆಯಿತು. ಫ್ಯಾನನ್ನೇ ನೋಡುತ್ತಾ ಮಲಗಿದ್ದಳು. ಫೋನ್ ಎತ್ತಿ ಅವಳ ಕಡೆ ಚಾಚಿದೆ.

"ನೀನೇ ಕಳ್ಸಮ್ಮ," ಅಂದಳು. "ಯಾರಿಗೂ ಗೊತ್ತಾಗಲ್ಲ."